ಡಾ. ಹೆನ್ರಿ ವ್ಯಾನ್‌ಡೈಕ್ ಕಾರ್ಟರ್

ಮಳೆಗಾಲದಲ್ಲಿ ನಮ್ಮ ಜಾಂಬೋಟಿಯಲ್ಲಿ ಬೂಷ್ಟು ಹಿಡಿಯದ ವಸ್ತುವಿಲ್ಲ. ಚಪ್ಪಲಿ, ಕಂಬಳಿ, ಪುಸ್ತಕದ ರಟ್ಟು, ಒಂದನ್ನೂ ಅದು ಬಿಡದು. ಅದೇ ಕುಲದ ಜೀವಿಯೊಂದು ಮನುಷ್ಯನ ಪಾದದೊಳಗೂ ಬೆಳೆಯಬಲ್ಲದೆಂದು ನಾನು ಅರಿತದ್ದು ನನ್ನ ಸೋದರಮಾವನವರಿಂದ. ಸವದತ್ತಿಯ ಕಡೆಯ ಹೊಲದಲ್ಲಿ ಅವರ ಕಾಲಿಗೆ ಜಾಲಿಯ ಮುಳ್ಳು ನೆಟ್ಟಿತ್ತು. ಮುಂದೆ ಅಲ್ಲಿ ಗಂಟು ಎದ್ದಿತು. ನೋವಿಲ್ಲವೆಂದು ವರ್ಷಗಟ್ಟಲೆ ಲೇಪ ಹಚ್ಚಿದ್ದಾಯಿತು. ಕೊನೆಗೆ ಅದು ಒಡೆದು, ಗಸಗಸೆಯಷ್ಟು ಸಣ್ಣ ಕರಿ ಕಾಳುಗಳು ಹೊರಬಿದ್ದವು. ರೋಗದ ಹೆಸರು ತಿಳಿಯುವ ಹೊತ್ತಿಗೆ ಎಲುಬು ಕೆಟ್ಟಿತ್ತು, ಕಾಲನ್ನೇ ತೆಗೆಯಬೇಕಾಯಿತು. ಆ ರೋಗಕ್ಕೆ ಹೆಸರಿಟ್ಟ ಮಹನೀಯರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇನೆ.

ಕಾರ್ಟರರು 1831ರಲ್ಲಿ ಇಂಗ್ಲೆಂಡಿನ ಹಲ್ ಪಟ್ಟಣದಲ್ಲಿ ಜನಿಸಿದರು. ತಂದೆ ಚಿತ್ರಕಾರರು. ಮಗನು ವೈದ್ಯವಿದ್ಯೆಯನ್ನು ಕಲಿತರೂ ಚಿತ್ರಕಲೆಯನ್ನು ಬಿಡಲಿಲ್ಲ. ವೈದ್ಯ ವಿದ್ಯಾರ್ಥಿಗಳೆಲ್ಲರೂ ಬಲ್ಲ ಗ್ರೇ ಅವರ ಅಂಗರಚನಾಶಾಸ್ತ್ರವು 1858ರಲ್ಲಿ ಪ್ರಕಟವಾಯಿತು. ಅದರ ಚಿತ್ರಗಳನ್ನು ಬರೆದವರು ಇವರೇ. ಕೀರ್ತಿಯೆಲ್ಲ ಗ್ರೇ ಅವರ ಪಾಲಾಯಿತು. ಅದೇ ವರ್ಷ ಕಾರ್ಟರರು ಹಡಗು ಹತ್ತಿ ಮುಂಬಯಿಗೆ ಬಂದು, ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅಧ್ಯಾಪಕರಾದರು. ನಮ್ಮ ಬೆಳಗಾವಿಯೂ ಆಗ ಮುಂಬಯಿ ಇಲಾಖೆಯಲ್ಲಿಯೇ ಇತ್ತು.

ಈ ಕಾಲುರೋಗವನ್ನು 1842ರಲ್ಲಿಯೇ ಮಧುರೆಯ ದವಾಖಾನೆಯ ಗಿಲ್ ಎಂಬ ವೈದ್ಯರು ವರದಿ ಮಾಡಿದ್ದರು. ಆದುದರಿಂದ ಅದಕ್ಕೆ ಮಧುರಾ ಪಾದವೆಂದು ಹೆಸರು. ಕಾರಣ ಮಾತ್ರ ತಿಳಿದಿರಲಿಲ್ಲ. ಕಾರ್ಟರರು ಕತ್ತರಿಸಿ ತೆಗೆದ ಪಾದಗಳನ್ನು ಸೀಳಿ, ಕಾಳುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಕಂಡದ್ದನ್ನು ಕಂಡಂತೆಯೇ ಚಿತ್ರಿಸಿದರು. ಕಾಳಿನೊಳಗೆ ಎಳೆ ಎಳೆಯಾಗಿ ಹೆಣೆದುಕೊಂಡ ಶಿಲೀಂಧ್ರವಿತ್ತು! 1860ರಲ್ಲಿ ಅವರು ಈ ರೋಗವನ್ನು ಮೈಸಿಟೋಮ, ಅಂದರೆ ಶಿಲೀಂಧ್ರದ ಗಡ್ಡೆ, ಎಂದು ಕರೆದರು. ಮುಂದೆ ಸಾತಾರೆಯಲ್ಲಿ ಸಿವಿಲ್ ಸರ್ಜನರಾಗಿದ್ದರು. 1874ರಲ್ಲಿ ಈ ರೋಗವನ್ನು ಕುರಿತು ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು.

ಅವರಿಂದ ತಪ್ಪು ಆಗಲಿಲ್ಲವೆಂದಲ್ಲ. ತೆಗೆದಿಟ್ಟ ಪಾದದ ಮೇಲೆ ಬೆಳೆದ ಕೆಂಪು ಬೂಷ್ಟೇ ರೋಗದ ಮೂಲವೆಂದು ಅವರು ಭಾವಿಸಿದ್ದರು. ಅದಕ್ಕೆ ಅವರ ಹೆಸರನ್ನೇ ಇಟ್ಟದ್ದೂ ಆಯಿತು. ಆಮೇಲೆ ಅದು ಮೂಲವಲ್ಲವೆಂದು ತಿಳಿಯಿತು. 1894ರಲ್ಲಿ ಫ್ರಾನ್ಸಿನ ವಿನ್ಸೆಂಟರು, ಬಿಳಿ ಕಾಳಿನ ಒಂದು ಬಗೆಗೆ ಬೇರೊಂದು ಸೂಕ್ಷ್ಮಜೀವಿ ಕಾರಣವೆಂದು ತೋರಿಸಿದರು. ಅದು ಬ್ಯಾಕ್ಟೀರಿಯವೆಂದು ಇಂದು ಎಣಿಸಲಾಗಿದೆ. ಆದರೂ ಕರಿ ಕಾಳು ಬೇರೆ, ಬಿಳಿ ಕಾಳು ಬೇರೆ ಎಂದು ಕಾರ್ಟರರು ವಿಂಗಡಿಸಿದ್ದು ವ್ಯರ್ಥವಾಗಲಿಲ್ಲ. ಬ್ಯಾಕ್ಟೀರಿಯದ ಔಷಧ ಶಿಲೀಂಧ್ರಕ್ಕೆ ತಾಗದು. ಕಾಳನ್ನು ಗುರುತಿಸದೆ ಮದ್ದು ಕೊಟ್ಟರೆ ಕಾಲ ಕಳೆಯುವುದು, ಕಾಲೂ ಹೋಗುವುದು.

ಕಾರ್ಟರರು 1888ರಲ್ಲಿ ನಿವೃತ್ತರಾಗಿ, 1897ರಲ್ಲಿ ಸ್ಕಾರ್ಬರೊದಲ್ಲಿ ಕಾಲವಾದರು. ಅವರು ಹೆಸರಿಟ್ಟ ರೋಗವನ್ನು ವಿಶ್ವ ಆರೋಗ್ಯ ಸಂಸ್ಥೆಯು ಅಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಿದ್ದು 2016ರಲ್ಲಿ. ಬರಿಗಾಲಿನಲ್ಲಿ ದುಡಿಯುವವರ ರೋಗಕ್ಕೆ ಪಟ್ಟಿ ಸೇರಲೂ ಅಷ್ಟು ತಡ!

ನಮ್ಮ ಮನೆತನದಲ್ಲಿ ಕಾಲೇಜು ಕಂಡವನು ನಾನೇ ಮೊದಲಿಗ. ಈ ಲೇಖನವನ್ನು ಮಾವನವರಿಗೆ ಓದಿ ಹೇಳಿದೆನು. ಅವರು ತಮ್ಮ ಕಾಲಿನ ಮಾತು ಎತ್ತಲಿಲ್ಲ. ಹೊಲಕ್ಕೆ ಹೋಗುವ ಹುಡುಗರಿಗೂ ಇದನ್ನು ತಿಳಿಸಬೇಕೆಂದರು. ಆದುದರಿಂದ, ಪ್ರಿಯ ವಾಚಕರೇ, ಹೊಲಕ್ಕೆ ಮೆಟ್ಟು ಮೆಟ್ಟಿಯೇ ಹೋಗಿರಿ. ಮುಳ್ಳು ನೆಟ್ಟ ಕಾಲಿನಲ್ಲಿ ನೋವಿಲ್ಲದ ಗಂಟು ಕಂಡರೆ, ನೋವಿಲ್ಲವೆಂದು ಸುಮ್ಮನಿರಬೇಡಿರಿ.