ಆಲ್ಬರ್ಟ್ ಶ್ವೈಟ್ಸರ್: ವೈದ್ಯದೀಕ್ಷೆಯ ಪೂರ್ವಸಿದ್ಧತೆ

ಆಲ್ಬರ್ಟ್ ಶ್ವೈಟ್ಸರ್ ಅವರ ಹೆಸರು ಕನ್ನಡ ಓದುಗರಿಗೆ ಅಪರಿಚಿತವಲ್ಲ. ಆಫ್ರಿಕದ ಅರಣ್ಯದಲ್ಲಿ ಆಸ್ಪತ್ರೆ ಕಟ್ಟಿದವರು, ನೊಬೆಲ್ ಶಾಂತಿ ಪುರಸ್ಕಾರ ಪಡೆದವರು, ಭಾರತೀಯ ಚಿಂತನೆಯನ್ನು ಕುರಿತು 1935ರಲ್ಲಿ ಗ್ರಂಥ ಬರೆದು ರಾಧಾಕೃಷ್ಣನ್ ಅವರಿಂದ ಸಮರ್ಥ ಪ್ರತಿವಾದವನ್ನು ಎದುರಿಸಿದವರು ಎಂದು ನಾವು ಅವರನ್ನು ಬಲ್ಲೆವು. ಆದರೆ ಅವರು ವೈದ್ಯಶಾಸ್ತ್ರದ ವಿದ್ಯಾರ್ಥಿಯಾದದ್ದು ಮೂವತ್ತನೆಯ ವಯಸ್ಸಿನಲ್ಲಿ. ವೈದ್ಯಪದವಿ ಕೈಸೇರಿದಾಗ ಮೂವತ್ತೆಂಟು ತುಂಬಿತ್ತು. ಈ ಮೊದಲಿನ ಮೂರು ದಶಕಗಳನ್ನು ಅವರು ತೊರೆದು ಬಂದ ವೈಭವವೆಂದು ವರ್ಣಿಸುವ ವಾಡಿಕೆಯಿದೆ. ತ್ಯಾಗದ ಕಥೆಗೆ ಅದು ಒಪ್ಪುತ್ತದೆ, ನಡೆದ ಸಂಗತಿಗೆ ಅಷ್ಟಾಗಿ ಒಪ್ಪುವುದಿಲ್ಲ.

ಶ್ವೈಟ್ಸರ್ ಹುಟ್ಟಿದ್ದು 1875ರ ಜನವರಿ 14ರಂದು, ಆಗ ಜರ್ಮನಿಯ ಅಧೀನದಲ್ಲಿದ್ದ ಆಲ್ಸೇಸ್ ಪ್ರಾಂತದ ಕೈಸರ್ಸ್‌ಬರ್ಗ್‌ನಲ್ಲಿ. ಬೆಳೆದದ್ದು ತಂದೆ ಪಾದ್ರಿಯಾಗಿದ್ದ ಗುನ್ಸ್‌ಬಾಖ್ ಎಂಬ ಹಳ್ಳಿಯಲ್ಲಿ. ತಾಯಿಯ ತಂದೆಗೆ ಇಗರ್ಜಿಗಳ ಆರ್ಗನ್ ವಾದ್ಯದ ಮೇಲೆ ಅಪಾರ ಮೋಹವಿತ್ತು. ಅದು ಮೊಮ್ಮಗನಿಗೂ ಇಳಿದು ಬಂತು. ಎರಡು ಕೈಗಳ ಜೊತೆಗೆ ಎರಡು ಕಾಲುಗಳನ್ನೂ ದುಡಿಸಬೇಕಾದ ಈ ಬೃಹದ್ವಾದ್ಯದ ಅಭ್ಯಾಸವನ್ನು ಬಾಲಕ ಎಂಟನೆಯ ವರ್ಷದಲ್ಲಿ, ಕಾಲು ಪೂರ್ತಿ ಎಟುಕದ ದಿನಗಳಲ್ಲೇ, ಆರಂಭಿಸಿದನು. ಒಂಬತ್ತನೆಯ ವಯಸ್ಸಿಗೆ ಹಳ್ಳಿಯ ಪ್ರಾರ್ಥನಾಸಭೆಯಲ್ಲಿ ವಾದಕನ ಬದಲಿಗೆ ಕುಳಿತು ನುಡಿಸಿದ್ದೂ ಉಂಟು. 1893ರಲ್ಲಿ ಪ್ಯಾರಿಸಿನ ಪ್ರಸಿದ್ಧ ವಾದಕ ವಿಡೋರ್ ಅವರನ್ನು ಶಿಷ್ಯನಾಗಿ ಸ್ವೀಕರಿಸಿದರು. ಅದೇ ವರ್ಷ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರ ಮತ್ತು ತತ್ತ್ವಶಾಸ್ತ್ರದ ವ್ಯಾಸಂಗವೂ ಮೊದಲಾಯಿತು.

1896ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಅವರು ಮನಸ್ಸಿನಲ್ಲೇ ಒಂದು ನಿರ್ಧಾರ ಕೈಗೊಂಡರು. ಮೂವತ್ತರವರೆಗೆ ವಿದ್ಯೆಗೂ ಕಲೆಗೂ ಬದುಕು ಮೀಸಲು. ಅನಂತರ ಮನುಷ್ಯರ ನೇರ ಸೇವೆ. ಆ ಸೇವೆಯ ರೂಪ ಯಾವುದೆಂಬುದು ಅವರಿಗೇ ತಿಳಿದಿರಲಿಲ್ಲ. ವೈದ್ಯವೃತ್ತಿಯ ಯೋಚನೆಯಂತೂ ಆಗ ಇರಲೇ ಇಲ್ಲ. ಮುಂದಿನ ವರ್ಷಗಳಲ್ಲಿ ಕಾಂಟನ ಧರ್ಮತತ್ತ್ವವನ್ನು ಕುರಿತ ಡಾಕ್ಟರೇಟ್, ಸಂತ ನಿಕೋಲಸ್ ಇಗರ್ಜಿಯ ಧರ್ಮೋಪದೇಶಕನ ಕೆಲಸ, ವಿಶ್ವವಿದ್ಯಾಲಯದ ಅಧ್ಯಾಪನ, ಯೇಸುವಿನ ಚರಿತ್ರೆಯ ಸಂಶೋಧನೆ, ಸಂಗೀತಕಾರ ಬಾಖ್‌ನನ್ನು ಕುರಿತ ಗ್ರಂಥ ಇವೆಲ್ಲ ಒಂದರ ಬೆನ್ನಿಗೊಂದು ನಡೆದವು. ಇವು ಅವರ ಕೀರ್ತಿಯ ಭಾಗ. ಆದರೆ ವೈದ್ಯನ ಸಿದ್ಧತೆಯನ್ನು ಹುಡುಕುವವರು ನೋಡಬೇಕಾದದ್ದು ಇದೇ ಕಾಲದ, ಕೀರ್ತಿ ತರದ ಕೆಲಸಗಳನ್ನು.

ವಿದ್ಯಾರ್ಥಿದೆಸೆಯಲ್ಲಿ ಅವರು ಒಂದು ಸೇವಾಸಂಘದ ಸದಸ್ಯರಾಗಿದ್ದರು. ಪ್ರತಿಯೊಬ್ಬ ಸದಸ್ಯನಿಗೂ ಕೆಲವು ಬಡಕುಟುಂಬಗಳನ್ನು ಗೊತ್ತುಪಡಿಸಲಾಗುತ್ತಿತ್ತು. ವಾರಕ್ಕೊಮ್ಮೆ ಆ ಮನೆಗಳಿಗೆ ಹೋಗಿ ನೆರವಿನ ಹಣ ತಲುಪಿಸಿ, ಕಂಡ ಸ್ಥಿತಿಯನ್ನು ವರದಿ ಮಾಡಬೇಕು. ಆ ಹಣವನ್ನು ಸ್ಟ್ರಾಸ್‌ಬರ್ಗಿನ ಉಳ್ಳವರ ಬಾಗಿಲು ತಟ್ಟಿ ತರಬೇಕಾದವರೂ ಈ ವಿದ್ಯಾರ್ಥಿಗಳೇ. ಸ್ವಭಾವತಃ ಸಂಕೋಚಿಯಾದ ಶ್ವೈಟ್ಸರ್‌ಗೆ ಈ ಯಾಚನೆ ಶಿಕ್ಷೆಯಂತಿತ್ತು. ಆದರೂ ಒತ್ತಾಯಕ್ಕಿಂತ ಮಿತವಾದ ಮಾತಿಗೆ ಫಲ ಹೆಚ್ಚೆಂಬುದನ್ನು, ಇಲ್ಲವೆಂದವರ ಬಾಗಿಲಿನಿಂದ ಮುಖ ಸಿಂಡರಿಸದೆ ಹಿಂದಿರುಗುವುದನ್ನು ಅವರು ಅಲ್ಲಿಯೇ ಕಲಿತರು.

ಅನಾಥ ಮಕ್ಕಳನ್ನು ಸಾಕುವ ಅವರ ಬಯಕೆ ಈಡೇರಲಿಲ್ಲ. ನಗರದ ಅನಾಥಾಲಯ ಬೆಂಕಿಗೆ ಸಿಕ್ಕಿದಾಗ ಕೆಲವು ಹುಡುಗರನ್ನು ತಾನು ಇಟ್ಟುಕೊಳ್ಳುವೆನೆಂದು ಹೇಳಹೋದರೆ, ಮಾತು ಮುಗಿಸಲೂ ಅವಕಾಶ ಸಿಗಲಿಲ್ಲ. ಬಳಿಕ ಅಲೆಮಾರಿಗಳಿಗೆ ಮತ್ತು ಸೆರೆಯಿಂದ ಬಿಡುಗಡೆಯಾದವರಿಗೆ ನೆರವಾಗುತ್ತಿದ್ದ ಒಬ್ಬ ಪಾದ್ರಿಯ ಜೊತೆಗೂಡಿದರು. ಬೇಡಿ ಬಂದವನಿಗೆ ಆ ಕ್ಷಣವೇ ಕಾಸು ಕೊಟ್ಟು ಕಳುಹಿಸುವ ಕ್ರಮ ಅಲ್ಲಿರಲಿಲ್ಲ. ಅದೇ ದಿನ ಅವನ ಬಿಡಾರಕ್ಕೆ ಹೋಗಿ, ನಿಜವಾದ ಅಗತ್ಯವೇನೆಂದು ನೋಡಿ ನೆರವು ಕೊಡಬೇಕಾಗಿತ್ತು. ಕಾಂಟನ ವಿದ್ವಾಂಸನು ಸೈಕಲ್ಲೇರಿ ನಗರದ ಹೊರವಲಯಗಳಲ್ಲಿ ಸುತ್ತಿದನು. ಅನೇಕ ಸಲ ಕೊಟ್ಟ ವಿಳಾಸದಲ್ಲಿ ಅಂಥ ಹೆಸರಿನವನೇ ಇರುತ್ತಿರಲಿಲ್ಲ. ದೂರನ್ನು ಕೇಳಿಸಿಕೊಳ್ಳುವುದು, ನಂಬಿದರೂ ಕಣ್ಣಾರೆ ಪರೀಕ್ಷಿಸುವುದು, ಆಮೇಲೆ ಉಪಾಯ ಹೂಡುವುದು ವೈದ್ಯನ ನಿತ್ಯಕರ್ಮವಲ್ಲದೆ ಬೇರೇನು?

ಈ ಅನುಭವ ಇನ್ನೊಂದು ತಿಳಿವಳಿಕೆಯನ್ನೂ ಕೊಟ್ಟಿತು. ಇಂಥ ಕೆಲಸ ಸಂಸ್ಥೆಗಳ ಬಲವಿಲ್ಲದೆ ಸಾಗದು; ಅವರಿಗೆ ಬೇಕಾದದ್ದಾದರೋ ಸ್ವತಂತ್ರವಾಗಿ ತನ್ನ ಕೈಯಿಂದಲೇ ಮಾಡಬಹುದಾದ ಸೇವೆ. 1904ರಲ್ಲಿ ಪ್ಯಾರಿಸಿನ ಮಿಷನ್ ಸಂಸ್ಥೆಯೊಂದರ ಪತ್ರಿಕೆಯಲ್ಲಿ ಗೇಬೋನ್ ಪ್ರದೇಶದ ಕೊರತೆಗಳನ್ನು ಕುರಿತ ಲೇಖನ ಕಣ್ಣಿಗೆ ಬಿದ್ದಾಗ ಹುಡುಕಾಟ ಮುಗಿಯಿತು. ವರ್ಷಗಟ್ಟಲೆ ಮಾತಿನಿಂದ ಬದುಕಿದವರಿಗೆ ಮಾತಿಲ್ಲದೆ ದುಡಿಯುವ ವೃತ್ತಿ ಬೇಕೆನಿಸಿ, ವೈದ್ಯನಾಗಲು ನಿಶ್ಚಯಿಸಿದರು. 1905ರ ಅಕ್ಟೋಬರ್ 13ರಂದು ಮನೆಯವರಿಗೂ ಗೆಳೆಯರಿಗೂ ಪತ್ರಗಳನ್ನು ಅಂಚೆಗೆ ಹಾಕಿದರು. ಬಂಧುಮಿತ್ರರು ವಾದಿಸಿದರು, ಬೈದರು. ವೈದ್ಯವಿಭಾಗದ ಡೀನರಿಗೆ ಇವರನ್ನು ಮನೋರೋಗ ತಜ್ಞರ ಬಳಿಗೆ ಕಳುಹಿಸುವುದೇ ಮೇಲೆನಿಸಿತ್ತು.

ಆಮೇಲಿನ ವರ್ಷಗಳು ಆಯಾಸದೊಡನೆ ನಡೆಸಿದ ಸತತ ಹೋರಾಟ. ಅಧ್ಯಾಪನ, ಭಾನುವಾರಗಳ ಉಪದೇಶ, ಪ್ಯಾರಿಸಿನ ಬಾಖ್ ಸಂಘದ ಕಚೇರಿಗಳು ಯಾವುದೂ ನಿಲ್ಲಲಿಲ್ಲ. ಬಾಖ್ ಗ್ರಂಥದ ಜರ್ಮನ್ ಆವೃತ್ತಿ ಹಿಗ್ಗಿ 844 ಪುಟಗಳಾದದ್ದೂ ಈ ನಡುವೆಯೇ. ವಾದನದಲ್ಲಿ ಪಳಗಿದ ಬೆರಳುಗಳು ಶಸ್ತ್ರಕ್ರಿಯೆಗೆ ಒದಗಿದವೆಂದು ಹೇಳಿಬಿಡುವುದು ಸುಲಭ. ಅದಕ್ಕೆ ಆಧಾರ ಸಾಲದು. ಆರ್ಗನ್ ಒದಗಿದ್ದು ಬೇರೆ ರೀತಿಯಲ್ಲಿ. ವೈದ್ಯಪರೀಕ್ಷೆಯ ಶುಲ್ಕ ಕಟ್ಟಿದ್ದು 1911ರಲ್ಲಿ ಮ್ಯೂನಿಕ್ ಸಂಗೀತೋತ್ಸವದಲ್ಲಿ ವಿಡೋರ್ ಅವರ ಕೃತಿಯನ್ನು ನುಡಿಸಿ ಪಡೆದ ಸಂಭಾವನೆಯಿಂದ. ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವೊಂದು ಇಲ್ಲಿದೆ: ವಾದಚಾತುರ್ಯವೇ ಗೆಲ್ಲಬಹುದಾದ ಶಾಸ್ತ್ರಗಳಲ್ಲಿ ಬೆಳೆದವರಿಗೆ, ಪ್ರತಿ ಮಾತಿಗೂ ವಸ್ತುನಿಷ್ಠ ಆಧಾರ ಬೇಡುವ ನಿಸರ್ಗವಿಜ್ಞಾನ ಒಂದು ಬಿಡುಗಡೆಯಂತೆ ಕಂಡಿತು.

1912ರಲ್ಲಿ ಅವರು ವಿವಾಹವಾದ ಹೆಲೆನ್ ಬ್ರೆಸ್ಲಾವ್ ದಾದಿಯ ತರಬೇತಿ ಪಡೆದಿದ್ದವರು, ಸ್ಟ್ರಾಸ್‌ಬರ್ಗ್ ನಗರದ ಅನಾಥ ಮಕ್ಕಳ ಮೇಲ್ವಿಚಾರಕಿಯಾಗಿ ದುಡಿದವರು. ಆಸ್ಪತ್ರೆಯ ಸಿದ್ಧತೆಗೆ ಹಣ ಕೂಡಿಸಲು ಶ್ವೈಟ್ಸರ್ ಮತ್ತೆ ಮನೆಮನೆಗೆ ನಡೆದರು. ಅತಿಥಿಯಾಗಿ ಬಂದವನಲ್ಲ, ಬೇಡಲು ಬಂದವನು ಎಂದು ತಿಳಿದೊಡನೆ ಕೆಲವೆಡೆ ಸ್ವಾಗತದ ಧಾಟಿ ಬದಲಾಗುತ್ತಿತ್ತು. ಹಳೆಯ ಅಭ್ಯಾಸ ಕೈಹಿಡಿಯಿತು. 1913ರ ಏಪ್ರಿಲಿನಲ್ಲಿ ದಂಪತಿಗಳು ಓಗೊವೆ ನದಿಯ ದಂಡೆಯ ಲಾಂಬರೇನೆಯನ್ನು ತಲುಪಿದರು. ಮೊದಲ ಚಿಕಿತ್ಸಾಲಯ ಒಂದು ಹಳೆಯ ಕೋಳಿಗೂಡು. ಮಲೇರಿಯ, ಕುಷ್ಠ, ನಿದ್ರಾರೋಗ, ಆಮಶಂಕೆ, ಹರ್ನಿಯದ ರೋಗಿಗಳು ಬಂಧುಗಳೊಡನೆ ದೋಣಿಗಳಲ್ಲಿ ಬಂದರು. ಬಾಖ್ ಸಂಘದವರು ಕೊಟ್ಟಿದ್ದ, ತೇವ ತಾಳುವಂತೆ ಸತುವಿನ ಹೊದಿಕೆ ಹಾಕಿದ, ಕಾಲ್ಮಣೆಗಳುಳ್ಳ ಪಿಯಾನೊ ಕೂಡ ಅವರೊಡನೆ ಅಲ್ಲಿಗೆ ಬಂದಿತ್ತು.

ಈ ಪೂರ್ವಸಿದ್ಧತೆ ಸಾಲದೆ ಹೋದ ಎಡೆಯನ್ನೂ ಹೇಳಬೇಕು. ಸ್ಟ್ರಾಸ್‌ಬರ್ಗಿನ ಬಡವರ ಮನೆ ಹೊಕ್ಕು ನೋಡಿದವರು ಆಫ್ರಿಕದಲ್ಲಿ ದುಭಾಷಿಗಳನ್ನೇ ನೆಚ್ಚಿಕೊಂಡರು. ಅಲ್ಲಿನ ಜನರನ್ನು ತಮ್ಮರೆಂದು ಕರೆದರೂ ತಾನು ಅಣ್ಣನೆಂಬ ಹಿರಿತನವನ್ನು ಬಿಡಲಿಲ್ಲ. ವಸಾಹತು ಯುಗದ ಈ ದೃಷ್ಟಿಯನ್ನು ಮುಂದಿನವರು ಕಟುವಾಗಿ ಟೀಕಿಸಿದ್ದಾರೆ. ಆ ಟೀಕೆಯಲ್ಲಿ ಹುರುಳಿದೆ.

ಆಫ್ರಿಕಕ್ಕೆ ಹೊರಟಾಗ ಆರ್ಗನ್, ಅಧ್ಯಾಪನ, ಹಣಕಾಸಿನ ಸ್ವಾತಂತ್ರ್ಯ ಈ ಮೂರನ್ನೂ ಕಳೆದುಕೊಂಡೆನೆಂದೇ ಶ್ವೈಟ್ಸರ್ ನಂಬಿದ್ದರು. ಮಹಾಯುದ್ಧದಲ್ಲಿ ಜರ್ಮನ್ ಪ್ರಜೆಯೆಂಬ ಕಾರಣಕ್ಕೆ 1917ರಲ್ಲಿ ಅವರನ್ನು ಫ್ರಾನ್ಸಿಗೆ ಒಯ್ದು ಶಿಬಿರದಲ್ಲಿ ಇರಿಸಿದಾಗ, ಮೇಜಿನ ಹಲಗೆಯನ್ನೇ ವಾದ್ಯವೆಂದು ಭಾವಿಸಿ, ಕಾಲುಗಳನ್ನು ನೆಲದ ಮೇಲೆ ಆಡಿಸುತ್ತ ಅಭ್ಯಾಸ ಮಾಡಿದರು. 1920ರಲ್ಲಿ ಉಪನ್ಯಾಸದ ಕರೆಯ ಮೇಲೆ ಸ್ವೀಡನ್ನಿಗೆ ಹೋದರು. ಅಲ್ಲಿ ಕೊಟ್ಟ ಕಚೇರಿಗಳೂ ಉಪನ್ಯಾಸಗಳೂ ಆಸ್ಪತ್ರೆಯ ಸಾಲವನ್ನು ತೀರಿಸಲು ನೆರವಾದವು. 1924ರಲ್ಲಿ ಲಾಂಬರೇನೆಗೆ ಮರಳಿದಾಗ ಹಳೆಯ ಗುಡಿಸಲುಗಳು ಪಾಳುಬಿದ್ದಿದ್ದವು. ಬೆಳಗ್ಗೆ ವೈದ್ಯನಾಗಿ, ಮಧ್ಯಾಹ್ನ ಕಟ್ಟಡದ ಮೇಸ್ತ್ರಿಯಾಗಿ ದುಡಿಯತೊಡಗಿದರು. 1952ನೆಯ ವರ್ಷದ ನೊಬೆಲ್ ಪುರಸ್ಕಾರದ ಹಣ ಕುಷ್ಠರೋಗಿಗಳ ವಸತಿಗೆ ಸಂದಿತು. 1965ರ ಸೆಪ್ಟೆಂಬರ್ 4ರಂದು ಲಾಂಬರೇನೆಯಲ್ಲೇ ತೀರಿಕೊಂಡ ಅವರ ಸಮಾಧಿ, ಹೆಲೆನ್ ಅವರ ಚಿತಾಭಸ್ಮವನ್ನಿರಿಸಿದ ಸ್ಥಳದ ಪಕ್ಕದಲ್ಲಿದೆ.