ಒಂದೇ ಹುದ್ದೆ, ಇಬ್ಬರು ಅರ್ಹರು: ಬುಧಿ ಕುಂದರನ್ ನೆನಪು

2025ರ ಇಂಗ್ಲೆಂಡ್ ಪ್ರವಾಸದಲ್ಲಿ ರಿಷಭ್ ಪಂತ್ ನಾಲ್ಕು ಟೆಸ್ಟ್‌ಗಳಲ್ಲಿ 479 ರನ್ ಗಳಿಸಿ, ಪಾದದ ಮೂಳೆ ಮುರಿದುಕೊಂಡು ಸರಣಿಯಿಂದ ಹೊರಬಿದ್ದಾಗ, ಅಂಕಿಅಂಶಗಳ ಪಟ್ಟಿಯಲ್ಲಿ ಹಳೆಯ ಹೆಸರೊಂದು ಮತ್ತೆ ಕಾಣಿಸಿಕೊಂಡಿತು. ಭಾರತದ ವಿಕೆಟ್ ಕೀಪರ್ ಒಬ್ಬ ಒಂದೇ ಟೆಸ್ಟ್ ಸರಣಿಯಲ್ಲಿ ಗಳಿಸಿದ ಗರಿಷ್ಠ ರನ್ 525; ಗಳಿಸಿದವರು ಬುಧಿ ಕುಂದರನ್; ವರ್ಷ 1964. ಅರವತ್ತು ವರ್ಷ ದಾಟಿದ ದಾಖಲೆ. ಅದನ್ನು ಓದಿದ ಇಂದಿನ ಯುವಕರಲ್ಲಿ ಎಷ್ಟು ಮಂದಿಗೆ ಈ ಮನುಷ್ಯ ನಮ್ಮ ಕರಾವಳಿಯ ಮೂಲ್ಕಿಯವರು, ಮೈಸೂರು ರಾಜ್ಯದ ತಂಡಕ್ಕೆ ಆಡಿದವರು ಎಂಬುದು ತಿಳಿದಿದೆಯೋ ಕಾಣೆ.

ಚಿತ್ರದುರ್ಗ ಜಿಲ್ಲೆಯ ಒಂದು ತಲೆಮಾರಿಗೆ ಮಾತ್ರ ಇದು ಚೆನ್ನಾಗಿ ತಿಳಿದಿತ್ತು. ಆ ತಲೆಮಾರು ಕುಂದರನ್ ಆಟವನ್ನು ಕಣ್ಣಾರೆ ಕಂಡದ್ದಲ್ಲ, ಕೇಳಿದ್ದು. ನಾನು ಹಿರಿಯೂರಿನಲ್ಲಿ ಬೆಳೆದವನು. ಕುಂದರನ್ ಮದರಾಸಿನಲ್ಲಿ 192 ಹೊಡೆದಾಗ ನನಗೆ ಐದು ವರ್ಷ. ಆದ್ದರಿಂದ ನನ್ನ ನೆನಪುಗಳೆಲ್ಲ ಹಿರಿಯರ ನೆನಪುಗಳೇ. ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಪಡೆಯಬೇಕಾಗಿದ್ದ ಕಾಲವದು. ಊರಿಗೆ ನಾಲ್ಕಾರು ಸೆಟ್ಟುಗಳು, ಪಂಚಾಯಿತಿ ಕಟ್ಟೆಯಲ್ಲಿ ಒಂದು. ವೀಕ್ಷಕ ವಿವರಣೆ ಇಂಗ್ಲಿಷಿನಲ್ಲಿ. ಕೇಳುವವರಲ್ಲಿ ಅರ್ಧ ಜನಕ್ಕೆ ಬೌಂಡರಿ, ಔಟು, ಕ್ಯಾಚು ಎಂಬ ಮೂರು ಪದ ಬಿಟ್ಟರೆ ಉಳಿದದ್ದು ಗೊತ್ತಾಗುತ್ತಿರಲಿಲ್ಲ. ಆದರೂ ಕೇಳುತ್ತಿದ್ದರು. ಮುಂದೆ ಕಂದಾಯ ಇಲಾಖೆಯ ನೌಕರಿ ನನ್ನನ್ನು ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗಗಳಿಗೆ ಕರೆದೊಯ್ದಾಗ, ಪ್ರತಿ ಊರಿನಲ್ಲೂ ಇಂಥ ಕೇಳುಗರ ಒಂದೊಂದು ಗುಂಪು ಸಿಕ್ಕಿತು. ಮಂಡಿಯ ವರ್ತಕರು, ನಿವೃತ್ತ ಮೇಷ್ಟ್ರು, ಅಂಚೆಯವರು. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಬಗ್ಗೆ ಎಲ್ಲರೂ ಮಾತಾಡುತ್ತಿದ್ದರು. ಕುಂದರನ್ ಹೆಸರು ಬಂದಾಗ ಮಾತ್ರ ದನಿಯಲ್ಲಿ ಸ್ವಲ್ಪ ಸಿಟ್ಟು ಸೇರುತ್ತಿತ್ತು. ಆ ಸಿಟ್ಟಿಗೆ ಕಾರಣವಿತ್ತು.

ಬುಧಿಸಾಗರ ಕೃಷ್ಣಪ್ಪ ಕುಂದರನ್ ಹುಟ್ಟಿದ್ದು 1939ರ ಅಕ್ಟೋಬರ್ 2ರಂದು. ಬೆಳೆದದ್ದು ಮುಂಬಯಿಯಲ್ಲಿ, ಅನುಕೂಲವಿಲ್ಲದ ಮನೆಯಲ್ಲಿ. ಕರಾವಳಿಯಿಂದ ಹೊಟ್ಟೆಪಾಡಿಗಾಗಿ ಆ ಮಹಾನಗರ ಸೇರಿದ ಸಾವಿರಾರು ಕುಟುಂಬಗಳಲ್ಲಿ ಅವರದೂ ಒಂದು. 1960ರ ಜನವರಿ 1ರಂದು ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ರಿಚೀ ಬೆನೊ ಅವರ ಆಸ್ಟ್ರೇಲಿಯ ತಂಡದ ಎದುರು ಭಾರತದ ಟೋಪಿ ಧರಿಸಿದಾಗ ಅವರಿಗೆ ಇಪ್ಪತ್ತು ವರ್ಷ, ಮತ್ತು ಅವರು ಅಲ್ಲಿಯವರೆಗೆ ಒಂದೂ ರಣಜಿ ಪಂದ್ಯ ಆಡಿರಲಿಲ್ಲ. ಹಿಂದಿನ ರಾತ್ರಿ ಮನೆಯಲ್ಲಿ ಕಾಲು ಚಾಚಲು ಜಾಗವಿಲ್ಲದೆ ಉದ್ಯಾನದಲ್ಲಿ ಮಲಗಿದ್ದರು, ತಾವು ಯಾರ ಸ್ಥಾನಕ್ಕೆ ಬಂದಿದ್ದರೋ ಆ ನರೇನ್ ತಮ್ಹಾನೆ ಅವರ ಗ್ಲೌಸನ್ನೇ ಎರವಲು ಪಡೆದು ಆಡಿದರು ಎಂದು ಹಳಬರು ಹೇಳುತ್ತಿದ್ದರು. ಕ್ರಿಕೆಟ್ ಕಥೆಗಳಿಗೆ ಉಪ್ಪುಖಾರ ಹಚ್ಚುವುದು ರೂಢಿಯೇ. ಆದರೆ ಇಂಥ ಕಥೆ ಯಾರ ಬಗ್ಗೆ ಹುಟ್ಟುತ್ತದೆ ಎಂಬುದೂ ಗಮನಾರ್ಹ. ರಾಜಮನೆತನದ ಆಟಗಾರರ ಬಗ್ಗೆ ಹುಟ್ಟುವುದಿಲ್ಲ.

ಎರಡನೆಯ ಟೆಸ್ಟ್ ಮದರಾಸಿನಲ್ಲಿ. ಇನಿಂಗ್ಸ್ ಆರಂಭಿಸಲು ಬಂದ ಹುಡುಗ ಆಸ್ಟ್ರೇಲಿಯದ ವೇಗಿಗಳನ್ನು ದಂಡಿಸಿ 71 ರನ್ ಗಳಿಸಿದ. ಇಡೀ ತಂಡದ ಮೊತ್ತ 149. ರೈಲ್ವೆ ಇಲಾಖೆ ಕೆಲಸ ಕೊಟ್ಟಿತು. ರೈಲ್ವೆ ತಂಡದ ಪರವಾಗಿ ಆಡಿದ ಮೊದಲ ರಣಜಿ ಪಂದ್ಯದಲ್ಲೇ ಜಮ್ಮು ಮತ್ತು ಕಾಶ್ಮೀರದ ವಿರುದ್ಧ 205. ಟೆಸ್ಟ್ ಆಡಿದ ಮೇಲೆ ರಣಜಿಗೆ ಕಾಲಿಟ್ಟವನ ದ್ವಿಶತಕವದು.

ಇಷ್ಟಾದ ಮೇಲೆ ಸ್ಥಾನ ಭದ್ರವಾಗಬೇಕಿತ್ತು. ಆಗಲಿಲ್ಲ. ಇಲ್ಲಿ ನನ್ನ ಹಳೆಯ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ತಂಡದಲ್ಲಿ ವಿಕೆಟ್ ಕೀಪರನ ಹುದ್ದೆ ಒಂದೇ ಮಂಜೂರಾದದ್ದು. ಬ್ಯಾಟ್ಸ್‌ಮನ್ನರು ಐದಾರು ಮಂದಿ ಇರಬಹುದು, ಬೌಲರುಗಳು ನಾಲ್ವರು. ಗೂಟದ ಹಿಂದೆ ಒಬ್ಬನೇ. ಅದೇ ಹೊತ್ತಿಗೆ ಮುಂಬಯಿಯಿಂದಲೇ ಫಾರೂಕ್ ಇಂಜಿನಿಯರ್ ಎದ್ದು ಬಂದರು. ಅವರೂ ಕೀಪರ್, ಅವರೂ ಹೊಡೆಬಡಿಯ ಆರಂಭಿಕ ಆಟಗಾರ. ಇಬ್ಬರಲ್ಲಿ ಯಾರು ಮೇಲು ಎಂಬ ಜಗಳ ನಮ್ಮ ಜಿಲ್ಲೆಯ ಹೋಟೆಲುಗಳಲ್ಲಿ ವರ್ಷಗಟ್ಟಲೆ ನಡೆಯಿತು. ಗೂಟದ ಹಿಂದೆ ಇಂಜಿನಿಯರ್ ಒಂದು ಕೂದಲೆಳೆ ಮೇಲು ಎಂಬುದು ನನ್ನ ಅಭಿಪ್ರಾಯ. ಹೊಸದುರ್ಗದ ಮಿತ್ರರು ಇದನ್ನು ಎಂದೂ ಒಪ್ಪಲಿಲ್ಲ.

1964ರ ಜನವರಿ 10, ಮದರಾಸಿನ ಕಾರ್ಪೊರೇಷನ್ ಕ್ರೀಡಾಂಗಣ, ಮೈಕ್ ಸ್ಮಿತ್ ನಾಯಕತ್ವದ ಇಂಗ್ಲೆಂಡ್. ಇಂಜಿನಿಯರ್ ಆಡುವ ಸ್ಥಿತಿಯಲ್ಲಿರದ ಕಾರಣ ಕುಂದರನ್‌ಗೆ ಕರೆ ಬಂದಿತ್ತು. ಸಂಕ್ರಾಂತಿಗೆ ಇನ್ನು ನಾಲ್ಕೇ ದಿನ; ನಮ್ಮ ಕಡೆ ಕಣದಲ್ಲಿ ರಾಗಿ ಒಕ್ಕಣೆಯ ಕಾಲ. ಅಂದು ಸಂಜೆ ಆಟ ನಿಂತಾಗ ಕುಂದರನ್ 170, ಔಟಾಗದೆ. ಹಿರಿಯೂರಿನಲ್ಲಿ ರೇಡಿಯೊ ಇದ್ದ ಮನೆಗಳ ಜಗಲಿಗಳು ಅಂದು ತುಂಬಿಹೋಗಿದ್ದವೆಂದು ನನ್ನ ಸೋದರಮಾವ ಹೇಳುತ್ತಿದ್ದರು. ಮರುದಿನ ಎಲ್ಲರೂ ದ್ವಿಶತಕ ಕಾದರು. 192ಕ್ಕೆ ಆಟ ಮುಗಿಯಿತು. 31 ಬೌಂಡರಿಗಳು. ಇದೇ ಪಂದ್ಯದಲ್ಲಿ ಬಾಪು ನಾಡಕರ್ಣಿ ಸತತ 21 ಮೇಡನ್ ಓವರುಗಳನ್ನು ಎಸೆದರು. ಒಂದೇ ತಂಡ, ಒಂದೇ ಪಂದ್ಯ: ಒಬ್ಬ ರನ್ನುಗಳನ್ನು ಸೂರೆ ಮಾಡಿದ, ಇನ್ನೊಬ್ಬ ಒಂದು ರನ್ನನ್ನೂ ಬಿಟ್ಟುಕೊಡಲಿಲ್ಲ. ಪಂದ್ಯ ಡ್ರಾ ಆಯಿತು. ಸರಣಿಯ ಐದೂ ಪಂದ್ಯಗಳು ಡ್ರಾ ಆದವು. ನೀರಸ ಸರಣಿ ಎಂದು ಚರಿತ್ರೆಕಾರರು ಬರೆದಿಟ್ಟ ಆ ಚಳಿಗಾಲದಲ್ಲಿ ಕುಂದರನ್ ದೆಹಲಿಯಲ್ಲಿ ಮತ್ತೊಂದು ಶತಕ ಬಾರಿಸಿ 525ಕ್ಕೆ ಮುಟ್ಟಿದರು.

ಅದೇ ವರ್ಷ ಆಸ್ಟ್ರೇಲಿಯ ತಂಡ ಬಂದಿತು. ಆಯ್ಕೆ ಸಮಿತಿ ಗೂಟದ ಹಿಂದೆ ನಿಲ್ಲಿಸಿದ್ದು ಇಂದ್ರಜಿತ್‌ಸಿಂಹಜಿ ಅವರನ್ನು. ಮರುವರ್ಷದ ಆರಂಭದಲ್ಲಿ ನ್ಯೂಜಿಲೆಂಡ್ ಬಂದಾಗ ಇಂಜಿನಿಯರ್ ಮರಳಿದರು. 525 ರನ್ ಗಳಿಸಿದವನಿಗೆ ಮುಂದಿನ ಎರಡು ಸರಣಿಗಳಲ್ಲಿ ಜಾಗವಿರಲಿಲ್ಲ. ಹಳಬರ ದನಿಯಲ್ಲಿದ್ದ ಸಿಟ್ಟು ಇದೇ. ಮೂರು ದಶಕ ಕಡತಗಳ ನಡುವೆ ಕಳೆದವನಾಗಿ ನಾನು ಆಯ್ಕೆ ಮಾಡುವವರ ಕಷ್ಟವನ್ನು ಅಲ್ಲಗಳೆಯುವವನಲ್ಲ. ಒಂದು ಹುದ್ದೆಗೆ ಇಬ್ಬರು ಅರ್ಹರಿದ್ದಾಗ ಒಬ್ಬರಿಗೆ ಅನ್ಯಾಯವಾಗಿಯೇ ತೀರುತ್ತದೆ. ಆದರೆ ಇಲ್ಲಿ ಸೇವಾ ಹಿರಿತನವೂ ಅವರದೇ ಇತ್ತು, ಕಾರ್ಯಕ್ಷಮತೆಯ ವರದಿಯೂ ಅವರದೇ ಮೇಲಿತ್ತು. ಯಾವ ನಿಯಮದಡಿ ಅವರನ್ನು ಬಿಡಬಹುದಾಗಿತ್ತು ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಕುಂದರನ್ ಮೈಸೂರು ತಂಡಕ್ಕೆ ಬಂದದ್ದು ಈ ಹೊತ್ತಿನಲ್ಲೇ. ಇದು ನಮ್ಮ ಕ್ರಿಕೆಟ್ಟಿನ ಬೀಜ ಬಿತ್ತನೆಯ ಕಾಲ. ನಾಯಕ ವಿ. ಸುಬ್ರಹ್ಮಣ್ಯ, ಜೊತೆಗೆ ಪ್ರಸನ್ನ, ಚಂದ್ರಶೇಖರ್, ದಶಕದ ಕೊನೆಗೆ ಭದ್ರಾವತಿಯ ಹುಡುಗ ವಿಶ್ವನಾಥ್, ಮತ್ತು ಸಯ್ಯದ್ ಕಿರ್ಮಾನಿ ಎಂಬ ಇನ್ನೊಬ್ಬ ಕೀಪರ್. ಚಿತ್ರದುರ್ಗದಿಂದ ಬೆಂಗಳೂರು ಇನ್ನೂರು ಕಿಲೋಮೀಟರು. ರಣಜಿ ಪಂದ್ಯ ನೋಡಲೆಂದು ಕೆಂಪು ಬಸ್ಸು ಹತ್ತಿ ಹೋದವರು ಬೆರಳೆಣಿಕೆಯಷ್ಟು. ಉಳಿದವರಿಗೆ ಬೆಂಗಳೂರಿನ ಪತ್ರಿಕೆಯೇ ಗತಿ. ಅದರ ಸ್ಕೋರು ಪಟ್ಟಿಯನ್ನು ಕತ್ತರಿಸಿ ಹಳೆಯ ಲೆಕ್ಕದ ಪುಸ್ತಕದಲ್ಲಿ ಅಂಟಿಸಿಟ್ಟಿದ್ದ ಅಡಕೆ ವರ್ತಕರೊಬ್ಬರು ಹೊಸದುರ್ಗದಲ್ಲಿದ್ದರು. ಎಡಪುಟದಲ್ಲಿ ಅಡಕೆ ಧಾರಣೆ, ಬಲಪುಟದಲ್ಲಿ ಮೈಸೂರು ತಂಡದ ರನ್ನುಗಳು.

1966ರ ಡಿಸೆಂಬರಿನಲ್ಲಿ ಸೋಬರ್ಸ್ ಅವರ ವೆಸ್ಟ್ ಇಂಡೀಸ್ ಬಂದಾಗ ಕುಂದರನ್‌ಗೆ ಮತ್ತೆ ಅವಕಾಶ ಸಿಕ್ಕಿತು. ಮುಂಬಯಿ ಟೆಸ್ಟ್‌ನಲ್ಲಿ ಹಾಲ್ ಮತ್ತು ಗ್ರಿಫಿತ್ ಇದ್ದ ತಂಡದೆದುರು 79 ಹೊಡೆದರು. ಆ ಪಂದ್ಯ ಚಂದ್ರಶೇಖರ್ ಕಿತ್ತ ಹನ್ನೊಂದು ವಿಕೆಟ್‌ಗಳಿಗಾಗಿ ನೆನಪಿನಲ್ಲಿದೆ. ಭಾರತ ಸೋತಿತು. ಮುಂದೆ ಮದರಾಸಿನಲ್ಲಿ ಇಂಜಿನಿಯರ್ ಆರಂಭಿಕರಾಗಿ ಬಂದು ಭೋಜನ ವಿರಾಮಕ್ಕೆ ಮುಂಚೆ 94 ಗಳಿಸಿದರು, ವಾದ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು.

1967ರ ಇಂಗ್ಲೆಂಡ್ ಪ್ರವಾಸಕ್ಕೆ ಇಬ್ಬರೂ ಹೋದರು. ಲಾರ್ಡ್ಸ್‌ನ ಎರಡನೇ ಇನಿಂಗ್ಸ್‌ನಲ್ಲಿ ತಂಡ 110ಕ್ಕೆ ಕುಸಿದಾಗ 47 ರನ್ ಕುಂದರನ್ ಅವರದೇ. ಆಮೇಲೆ ಬರ್ಮಿಂಗ್‌ಹ್ಯಾಮ್. ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ನಾಲ್ವರೂ ಒಟ್ಟಿಗೆ ಆಡಿದ ಏಕೈಕ ಟೆಸ್ಟ್ ಅದು. ಸ್ಪಿನ್ನರುಗಳೇ ತುಂಬಿದ ತಂಡದಲ್ಲಿ ಹೊಸ ಚೆಂಡು ಹಿಡಿಯುವವರೇ ಇಲ್ಲ! ಸುಬ್ರಹ್ಮಣ್ಯ ಒಂದು ತುದಿಯಿಂದ ಎಸೆದರು. ಇನ್ನೊಂದು ತುದಿಗೆ ನಾಯಕ ಪಟೌಡಿ ಕರೆದದ್ದು ಕುಂದರನ್ ಅವರನ್ನು. ಏನು ಎಸೆಯುತ್ತೀಯ ಎಂದು ನಾಯಕ ಕೇಳಿದರೆ, ತನಗೂ ಗೊತ್ತಿಲ್ಲ ಎಂದರಂತೆ. ಮೈಸೂರು ತಂಡದ ಇಬ್ಬರು ಸೇರಿ ಭಾರತದ ಬೌಲಿಂಗ್ ಆರಂಭಿಸಿದ್ದಕ್ಕೆ ಹೊಳಲ್ಕೆರೆಯಲ್ಲಿ ಹೆಮ್ಮೆಪಟ್ಟವರನ್ನೂ ನಾನು ಬಲ್ಲೆ. ನಗುವ ಸಂಗತಿಯೇ ಹೌದು. ಆದರೆ ಗ್ಲೌಸು ಇನ್ನೊಬ್ಬರ ಕೈಯಲ್ಲಿರುವಾಗ ಬ್ಯಾಟಿಂಗ್, ಬೌಲಿಂಗ್ ಎರಡನ್ನೂ ಆರಂಭಿಸಿದ ಆ ಪಂದ್ಯವೇ ಕುಂದರನ್ ಅವರ ಕೊನೆಯ ಟೆಸ್ಟ್ ಆಯಿತು. ಆಗ ಅವರ ವಯಸ್ಸು 27. ಒಟ್ಟು 18 ಟೆಸ್ಟ್, 981 ರನ್, ಎರಡು ಶತಕ, ಸರಾಸರಿ 32.70.

ಕೆಲವು ವರ್ಷ ಮೈಸೂರಿಗೆ ಆಡಿ, 1970ರ ಸುಮಾರಿಗೆ ಅವರು ಸ್ಕಾಟ್ಲೆಂಡಿಗೆ ಹೊರಟುಹೋದರು. ಗ್ಲಾಸ್ಗೊ ಸಮೀಪದ ಡ್ರಂಪೆಲಿಯರ್ ಕ್ಲಬ್ಬಿಗೆ ವೃತ್ತಿಪರ ಆಟಗಾರರಾದರು. ಟೆಸ್ಟ್ ಆಟಗಾರನಿಗೆ ಪಂದ್ಯವೊಂದಕ್ಕೆ ಕೆಲವೇ ನೂರು ರೂಪಾಯಿ ಸಿಗುತ್ತಿದ್ದ ಕಾಲ; ತಂಡದಿಂದ ಹೊರಗಿದ್ದವನಿಗೆ ಅದೂ ಇಲ್ಲ. ಅರ್ಥಶಾಸ್ತ್ರ ಓದಿದವನಿಗೆ ಈ ನಿರ್ಧಾರ ವಿಚಿತ್ರವಾಗಿ ಕಾಣುವುದಿಲ್ಲ. ತನ್ನ ಕಸುಬಿಗೆ ಎಲ್ಲಿ ಬೆಲೆ ಉಂಟೋ ಅಲ್ಲಿಗೆ ಕುಶಲಕರ್ಮಿ ಹೋಗುತ್ತಾನೆ. ಮೂಲ್ಕಿಯಿಂದ ಮುಂಬಯಿಗೆ ಬಂದ ಕುಟುಂಬದ ಮಗ ಇನ್ನೂ ಒಂದು ಸಮುದ್ರ ದಾಟಿದ, ಅಷ್ಟೆ. ಮುಂದೆ ನಲವತ್ತರ ಪ್ರಾಯದಲ್ಲಿ ಬೆನ್ಸನ್ ಅಂಡ್ ಹೆಜಸ್ ಕಪ್‌ನಲ್ಲಿ ಸ್ಕಾಟ್ಲೆಂಡ್ ತಂಡಕ್ಕೂ ಆಡಿದರು.

ಅವರು ಹೋದ ನಾಲ್ಕು ವರ್ಷದಲ್ಲಿ, 1974ರಲ್ಲಿ, ಹೆಸರು ಬದಲಾಗಿದ್ದ ಕರ್ನಾಟಕ ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ಮುಂಬಯಿಯನ್ನು ಹಿಂದಿಕ್ಕಿ, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿಗೆ ರಣಜಿ ಗೆದ್ದಿತು. ಆ ಸುದ್ದಿ ಕೇಳಿದಾಗ ನಾನು ಹೈಸ್ಕೂಲು ವಿದ್ಯಾರ್ಥಿ. ಅದು ನನ್ನದೇ ನೆನಪು. ಸಂಭ್ರಮದ ನಡುವೆ ನಮ್ಮ ಸೋದರಮಾವ ಕುಂದರನ್ ಇದ್ದಿದ್ದರೆ ಎಂದು ಗೊಣಗಿದರು. ಗೆದ್ದ ದಿನವೂ ಈ ಗೊಣಗಾಟವೇಕೆ ಎಂದು ನನಗೆ ಆಗ ಅನಿಸಿತ್ತು.

ಕುಂದರನ್ 2006ರ ಜೂನ್ 23ರಂದು ಗ್ಲಾಸ್ಗೊದಲ್ಲಿ ತೀರಿಕೊಂಡರು. ಮಹೇಂದ್ರ ಸಿಂಗ್ ಧೋನಿ 2013ರಲ್ಲಿ ಚೆನ್ನೈನ ಚೆಪಾಕ್‌ನಲ್ಲಿ ಆಸ್ಟ್ರೇಲಿಯದ ವಿರುದ್ಧ 224 ಬಾರಿಸಿದಾಗ, ಭಾರತದ ಕೀಪರ್ ಒಬ್ಬನ ಅತಿ ಹೆಚ್ಚಿನ ಟೆಸ್ಟ್ ಸ್ಕೋರ್ ಎಂಬ ಪಟ್ಟ 49 ವರ್ಷಗಳ ನಂತರ ಆ 192ರ ಕೈತಪ್ಪಿತು. ಅಂದು ರಾತ್ರಿ ಹೊಸದುರ್ಗದ ಆ ಅಡಕೆ ವರ್ತಕರು ದೂರವಾಣಿ ಮಾಡಿದರು. ಎಂಬತ್ತರ ಸಮೀಪದ ಅವರ ದನಿ ನಡುಗುತ್ತಿತ್ತು, ಲೆಕ್ಕ ಮಾತ್ರ ಚೊಕ್ಕವಾಗಿತ್ತು. ಧೋನಿ ಆಡಿದ್ದು ಚೆಪಾಕ್‌ನಲ್ಲಿ, ಕುಂದರನ್ ಆಡಿದ್ದು ಕಾರ್ಪೊರೇಷನ್ ಮೈದಾನದಲ್ಲಿ. ಆ ಮೈದಾನದಲ್ಲಿ 1965ರ ಬಳಿಕ ಟೆಸ್ಟ್ ನಡೆದಿಲ್ಲ, ಇನ್ನು ನಡೆಯುವಂತೆಯೂ ಇಲ್ಲ. ಆದ್ದರಿಂದ ಅಲ್ಲಿನ ಮಟ್ಟಿಗೆ 192 ಹಾಗೆಯೇ ಇದೆ ಎಂಬುದು ಅವರ ವಾದ. ನಾನು ಒಪ್ಪಿಕೊಂಡೆ.