ಶೇಷಾದ್ರಿ ಅಯ್ಯರ್ ಮತ್ತು ಶಿವನಸಮುದ್ರದ ವಿದ್ಯುತ್ತು

ಬೆಂಗಳೂರಿನ ದಂಡು ಪ್ರದೇಶಕ್ಕೆ ಸೇರಿದ ರಿಚರ್ಡ್ಸ್ ಟೌನಿನಲ್ಲಿ ದೊಡ್ಡ ಮರಗಳ ನೆರಳಿನ ಒಂದು ಉದ್ಯಾನವಿದೆ. ಸಂಜೆ ಅಲ್ಲಿ ತಿರುಗಾಡಲು ಬರುವ ನಮ್ಮಂಥ ನಿವೃತ್ತರ ನಡುವೆ ಈಚೆಗೆ ಒಂದು ಚರ್ಚೆ ಮತ್ತೆ ಮತ್ತೆ ಏಳುತ್ತದೆ. ವಿದ್ಯುತ್ತಿನಿಂದ ಓಡುವ ಕಾರನ್ನು ಈಗಲೇ ಕೊಳ್ಳುವುದೋ, ಇನ್ನೂ ಉತ್ತಮವಾದ ಬ್ಯಾಟರಿ ಬರುವವರೆಗೆ ಕಾಯುವುದೋ? ಇದೇ ನಗರದಲ್ಲಿ ತಯಾರಾಗಿ 2001ರಲ್ಲಿ ಮಾರಾಟಕ್ಕೆ ಬಂದ ರೇವಾ ಎಂಬ ಪುಟ್ಟ ಕಾರು ಭಾರವಾದ ಸೀಸದ ಬ್ಯಾಟರಿಗಳಿಂದ ಓಡುತ್ತಿತ್ತು. ಅನಂತರ ಹಗುರವಾದ ಲಿಥಿಯಂ ಬ್ಯಾಟರಿಗಳು ಬಂದು ಅದನ್ನು ಹಳೆಯದಾಗಿಸಿದವು. ಕಾಯಬೇಕೆನ್ನುವವರು ಈ ಉದಾಹರಣೆಯನ್ನೇ ಮುಂದಿಡುತ್ತಾರೆ. ಅವರ ಮಾತು ಕೇಳಿದಾಗಲೆಲ್ಲ, ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಇಂಥದೇ ಪ್ರಶ್ನೆಯನ್ನು ಇಡೀ ರಾಜ್ಯದ ಪರವಾಗಿ ಎದುರಿಸಿದ ಮಹನೀಯರೊಬ್ಬರು ನನ್ನ ನೆನಪಿಗೆ ಬರುತ್ತಾರೆ. ಅವರೇ ಮೈಸೂರಿನ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್.

ಶೇಷಾದ್ರಿ ಅಯ್ಯರ್ ಅವರು 1845ರ ಜೂನ್ 1ರಂದು ಮಲಬಾರಿನ ಪಾಲಕ್ಕಾಡಿನ ಬಳಿಯ ಕುಮಾರಪುರದಲ್ಲಿ ಜನಿಸಿದರು. ಕಲ್ಲಿಕೋಟೆಯಲ್ಲಿಯೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿದರು. 1868ರಲ್ಲಿ ಮೈಸೂರಿನ ಸೇವೆಗೆ ಸೇರಿ, ಕೆಳಗಿನ ಹುದ್ದೆಗಳಿಂದ ಮೇಲೇರುತ್ತ ನಾಡಿನ ಆಡಳಿತದ ಒಳಹೊರಗನ್ನೆಲ್ಲ ಅರಿತುಕೊಂಡರು. ಐವತ್ತು ವರ್ಷ ತಾವೇ ನಡೆಸಿದ ಆಡಳಿತವನ್ನು ಬ್ರಿಟಿಷರು 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದಾಗ ರಂಗಾಚಾರ್ಲು ಅವರು ದಿವಾನರಾದರು. ಎರಡೇ ವರ್ಷಗಳಲ್ಲಿ ಅವರು ಕಾಲವಾದುದರಿಂದ, 1883ರಲ್ಲಿ ಆ ಹೊಣೆ ಮೂವತ್ತೇಳು ವರ್ಷದ ಶೇಷಾದ್ರಿ ಅಯ್ಯರ್ ಅವರ ಹೆಗಲೇರಿತು. ಮುಂದೆ ಸುಮಾರು ಹದಿನೆಂಟು ವರ್ಷ ಅವರು ಅದನ್ನು ಹೊತ್ತರು.

ಅವರು ವಹಿಸಿಕೊಂಡದ್ದು ಬಡ ರಾಜ್ಯವನ್ನು. 1876ರಿಂದ 1878ರವರೆಗಿನ ಭೀಕರ ಕ್ಷಾಮ ಮೈಸೂರಿನ ಜನರನ್ನೂ ಬೊಕ್ಕಸವನ್ನೂ ಹಿಂಡಿಹಾಕಿತ್ತು. ಸಾಲ ತೀರಬೇಕಾಗಿತ್ತು, ಬ್ರಿಟಿಷ್ ಸರ್ಕಾರಕ್ಕೆ ವರ್ಷವರ್ಷವೂ ಕಪ್ಪ ಸಲ್ಲಬೇಕಾಗಿತ್ತು. ಶೇಷಾದ್ರಿ ಅಯ್ಯರ್ ಅವರು ಹಣಕಾಸನ್ನು ಹದಕ್ಕೆ ತಂದು ರೈಲುಮಾರ್ಗಗಳನ್ನು ವಿಸ್ತರಿಸಿದರು. ಹೆಸರಘಟ್ಟದಿಂದ ಬೆಂಗಳೂರಿನ ಪೇಟೆಗೂ ದಂಡಿಗೂ ನೀರು ತರಿಸಿದರು. ಮಾರಿಕಣಿವೆಯ ದೊಡ್ಡ ಜಲಾಶಯದ ಕೆಲಸವನ್ನು ಆರಂಭಿಸಿದರು. ಹೊರಗಿನವರಿಗೆ ದೊಡ್ಡ ಹುದ್ದೆಗಳನ್ನು ಕೊಡುತ್ತಾರೆಂದು ಮೈಸೂರಿನ ಹಲವರು ಅವರ ಮೇಲೆ ಮುನಿದದ್ದೂ ಉಂಟು. ಆ ಮುನಿಸಿಗೆ ಕಾರಣವೇ ಇರಲಿಲ್ಲವೆಂದು ಹೇಳಲಾಗದು.

ಆ ಕಾಲದಲ್ಲಿ ಕೋಲಾರದ ಚಿನ್ನದ ಗಣಿಗಳು ದಿನದಿನಕ್ಕೆ ಆಳಕ್ಕೆ ಇಳಿಯುತ್ತಿದ್ದವು. ಅದಿರನ್ನು ಮೇಲೆತ್ತಲು, ಪುಡಿಮಾಡಲು, ಒಳಗೆ ಜಿನುಗುವ ನೀರನ್ನು ಹೊರಹಾಕಲು ಉಗಿ ಯಂತ್ರಗಳೇ ಗತಿ. ಅವಕ್ಕೆ ಬೇಕಾದ ಕಲ್ಲಿದ್ದಲು ದೂರದಿಂದ ರೈಲಿನಲ್ಲಿ ಬರಬೇಕು, ಇಲ್ಲವೇ ಕಾಡು ಕಡಿದು ಸೌದೆ ತರಬೇಕು. ಎರಡಕ್ಕೂ ವೆಚ್ಚ ಬಹಳ. ಗಣಿಯ ಚಿನ್ನದಲ್ಲಿ ಸರ್ಕಾರಕ್ಕೆ ರಾಜಧನ ಬರುತ್ತಿತ್ತಾದ್ದರಿಂದ ಗಣಿಗಳ ಕಷ್ಟ ಬೊಕ್ಕಸದ ಕಷ್ಟವೂ ಆಗಿತ್ತು. ಇತ್ತ ಶಿವನಸಮುದ್ರದಲ್ಲಿ ಕಾವೇರಿ ಸುಮಾರು 400 ಅಡಿ ಕೆಳಕ್ಕೆ ಧುಮ್ಮಿಕ್ಕುತ್ತಿದ್ದಳು. ಅಲ್ಲಿಂದ ಕೋಲಾರದ ಗಣಿಗಳಿಗೆ 92 ಮೈಲಿ.

ಈ 92 ಮೈಲಿಯೇ ತೊಡಕು. ಬೀಳುವ ನೀರಿನಿಂದ ವಿದ್ಯುತ್ತು ತೆಗೆಯುವುದು ಆಗ ತೀರ ಹೊಸದೇನೂ ಆಗಿರಲಿಲ್ಲ. 1897ರಲ್ಲಿ ಡಾರ್ಜಿಲಿಂಗಿನಲ್ಲಿ ಒಂದು ಚಿಕ್ಕ ಕೇಂದ್ರ ಕೆಲಸ ಆರಂಭಿಸಿತ್ತು. ಆದರೆ ದೂರ ಸಾಗಿಸುವ ವಿದ್ಯೆ ಇನ್ನೂ ಎಳೆಯದು. ಜರ್ಮನಿಯಲ್ಲಿ 1891ರಲ್ಲಿ ನೂರು ಮೈಲಿಗೂ ಮೀರಿದ ದೂರಕ್ಕೆ ವಿದ್ಯುತ್ತನ್ನು ಕಳಿಸಿ ತೋರಿಸಿದ್ದರಾದರೂ ಅದು ವಸ್ತುಪ್ರದರ್ಶನಕ್ಕೆಂದು ಮಾಡಿದ ಪ್ರಯೋಗ. ಜಗತ್ಪ್ರಸಿದ್ಧವಾದ ನಯಾಗರಾ ಜಲಪಾತದ ವಿದ್ಯುತ್ತು 1896ರಲ್ಲಿ ಬಫೆಲೋ ನಗರ ತಲುಪಿದಾಗ ಕ್ರಮಿಸಿದ ದೂರ ಇಪ್ಪತ್ತಾರು ಮೈಲಿಯಷ್ಟೆ. ಯಂತ್ರಗಳು ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿದ್ದವು. ಐದಾರು ವರ್ಷ ಕಾದರೆ ಬೇರೆ ದೇಶದವರ ತಪ್ಪುಗಳಿಂದ ಕಲಿತು, ಪಳಗಿದ ಯಂತ್ರಗಳನ್ನೇ ಕೊಳ್ಳಬಹುದಾಗಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿದಿತ್ತು. ಖರ್ಚಿಗೆ ಬೇರೆ ದಾರಿಗಳು ಬೇಕಾದಷ್ಟಿದ್ದವು. ಅಂಥ ಹೊತ್ತಿನಲ್ಲಿ ಕಾಯುವುದೇ ವಿವೇಕವೆಂದು ಯಾರಾದರೂ ಹೇಳಿದ್ದರೆ ಅವರನ್ನು ಅಂಜುಬುರುಕರೆನ್ನಲು ಸಾಧ್ಯವಿರಲಿಲ್ಲ.

ಶೇಷಾದ್ರಿ ಅಯ್ಯರ್ ಅವರು ಕಾಯಲಿಲ್ಲ. ಹಾಗೆಂದು ಕಣ್ಣುಮುಚ್ಚಿ ಹಾರಲೂ ಇಲ್ಲ. ಜಲಪಾತವನ್ನು ಬಳಸಿಕೊಳ್ಳಲು ಖಾಸಗಿಯವರು ಅನುಮತಿ ಬೇಡಿದ್ದರು. ಆದರೆ ಕೆಲಸವನ್ನು ಸರ್ಕಾರವೇ ನಡೆಸುವುದೆಂದು ನಿಶ್ಚಯವಾಯಿತು. ಕೆನಡಾದಲ್ಲಿ ಹುಟ್ಟಿದ ಸೇನಾ ಎಂಜಿನಿಯರ್ ಡಿ ಲಾಟ್‌ಬಿನಿಯೇರ್ ಅವರು ಯೋಜನೆ ಸಿದ್ಧಪಡಿಸಿ, ಯುರೋಪು ಅಮೆರಿಕಗಳಿಗೆ ಹೋಗಿ ಅಲ್ಲಿನ ಕೇಂದ್ರಗಳನ್ನು ಕಣ್ಣಾರೆ ಕಂಡು ಬಂದರು. ಗಣಿ ಕಂಪನಿಗಳೊಡನೆ ಮೊದಲೇ ಒಪ್ಪಂದವಾಯಿತು. ಹೀಗಾಗಿ ಒಂದು ಕಂಬ ನೆಡುವುದಕ್ಕೆ ಮುಂಚೆಯೇ ವಿದ್ಯುತ್ತಿಗೆ ಗಿರಾಕಿ ದೊರೆತಿದ್ದ. ನನಗೆ ಕಾಣುವಂತೆ ದಿವಾನರ ಜಾಣ್ಮೆ ಇರುವುದು ಇಲ್ಲಿಯೇ. ಮುಂದೆ ಎಂಥ ಯಂತ್ರ ಬಂದೀತು ಎಂಬುದನ್ನು ಅವರು ಅರಿಯಲಾರರು. ಇಂದಿನ ಯಂತ್ರ ಇಂದಿನ ಕೆಲಸಕ್ಕೆ ಸಾಲುವುದೇ, ಅದರ ಬೆಲೆ ಹುಟ್ಟುವುದೇ ಎಂಬುದನ್ನು ಲೆಕ್ಕ ಹಾಕಬಲ್ಲವರಾಗಿದ್ದರು. ಚಾಮರಾಜೇಂದ್ರ ಒಡೆಯರು 1894ರಲ್ಲಿ ತೀರಿಕೊಂಡಿದ್ದುದರಿಂದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರಾಜ್ಯದ ರೀಜೆಂಟರಾಗಿದ್ದರು. ಕೆಲಸ ಆರಂಭವಾದುದು ಅವರ ಆಳ್ವಿಕೆಯಲ್ಲಿ.

ಬೇಗ ಕೊಂಡದ್ದಕ್ಕೆ ದಂಡ ತೆರಬೇಕಾಯಿತೇ? ತೆರಬೇಕಾಯಿತು. ಶಿವನಸಮುದ್ರದ ಯಂತ್ರಗಳು ಸೆಕೆಂಡಿಗೆ 25 ಆವರ್ತಗಳ ವಿದ್ಯುತ್ತನ್ನು ಕೊಡುತ್ತಿದ್ದವು. ಆಗ ಅದು ಸಾಮಾನ್ಯವಾದ ಪದ್ಧತಿಯೇ. ಮುಂದೆ ನಮ್ಮ ದೇಶದಲ್ಲೆಲ್ಲ 50 ಆವರ್ತಗಳ ಪದ್ಧತಿ ನೆಲೆಗೊಂಡಿತು. ಹಳೆಯದನ್ನೂ ಹೊಸದನ್ನೂ ಹೊಂದಿಸಲು ಪರಿವರ್ತಕ ಯಂತ್ರಗಳನ್ನು ಇಡಬೇಕಾಗಿ ಬಂತು. ಉದ್ಯಾನದ ನನ್ನ ಗೆಳೆಯರ ಅಳುಕು ಹುಸಿಯಲ್ಲ. ಆದರೆ ಇನ್ನೊಂದು ಮಗ್ಗುಲೂ ಇದೆ. ಕೇಂದ್ರವನ್ನು ಕಟ್ಟಿ ನಡೆಸುತ್ತಿದ್ದುದರಿಂದಲೇ, ಉತ್ತಮ ಯಂತ್ರಗಳು ಬಂದಂತೆಲ್ಲ ಅವನ್ನು ಅಲ್ಲಿಯೇ ಜೋಡಿಸುತ್ತ ಹೋಗಲು ಸಾಧ್ಯವಾಯಿತು. ಮೊದಲು 35,000 ವೋಲ್ಟುಗಳಲ್ಲಿ ಸಾಗುತ್ತಿದ್ದ ವಿದ್ಯುತ್ತು ಮುಂದೆ 78,000 ವೋಲ್ಟುಗಳಲ್ಲಿ ಸಾಗಿತು. ಅಷ್ಟರಲ್ಲಿ ಆ ಕೆಲಸ ಬಲ್ಲ ಎಂಜಿನಿಯರುಗಳೂ ತಂತಿಯಾಳುಗಳೂ ನಾಡಿನಲ್ಲಿಯೇ ತಯಾರಾಗಿದ್ದರು.

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಜನರೇಟರುಗಳನ್ನೂ, ಸ್ವಿಟ್ಜರ್ಲೆಂಡಿನ ಎಶರ್ ವೀಸ್ ಕಂಪನಿ ಟರ್ಬೈನುಗಳನ್ನೂ ಒದಗಿಸಿದವು. ಮದ್ದೂರಿನವರೆಗೆ ರೈಲು ತಂದ ಭಾರೀ ಯಂತ್ರಗಳನ್ನು ಅಲ್ಲಿಂದ ಎತ್ತಿನ ಗಾಡಿಗಳೂ ಆನೆಗಳೂ ಎಳೆದವು. ಹೊಚ್ಚಹೊಸ ಯಂತ್ರವನ್ನು ಅತ್ಯಂತ ಹಳೆಯ ವಾಹನ ಹೊತ್ತು ಸಾಗಿದ ಆ ದೃಶ್ಯವನ್ನು ವಿದ್ಯಾರ್ಥಿಗಳು ಊಹಿಸಿಕೊಳ್ಳಬಹುದು. 720 ಕಿಲೋವ್ಯಾಟಿನ ಆರು ಜನರೇಟರುಗಳು ಕೇಂದ್ರದಲ್ಲಿ ನೆಲೆಗೊಂಡವು. ಕೋಲಾರದವರೆಗೆ ಕಂಬಗಳು ಎದ್ದವು.

ಕೆಲಸ ಭರದಿಂದ ನಡೆದಿದ್ದಾಗಲೇ ದಿವಾನರ ಆರೋಗ್ಯ ಕುಸಿಯಿತು. 1901ರಲ್ಲಿ ಅವರು ಹುದ್ದೆಯಿಂದ ನಿವೃತ್ತರಾದರು. ಅದೇ ವರ್ಷ ಸೆಪ್ಟೆಂಬರ್ 13ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಒಂಬತ್ತು ತಿಂಗಳ ತರುವಾಯ, 1902ರ ಜೂನ್ 30ರಂದು, ಕಾವೇರಿಯ ವಿದ್ಯುತ್ತು 92 ಮೈಲಿ ಹರಿದು ಕೋಲಾರದ ಗಣಿಯ ಯಂತ್ರಗಳನ್ನು ತಿರುಗಿಸಿತು. ಅದು ಆಗಿನ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಇನ್ನು ಮೂರು ವರ್ಷಕ್ಕೆ, 1905ರ ಆಗಸ್ಟ್ 5ರ ಸಂಜೆ, ಬೆಂಗಳೂರಿನ ಪೇಟೆಯ ಬೀದಿಯಲ್ಲಿ ಮೊದಲ ವಿದ್ಯುದ್ದೀಪಗಳು ಹೊತ್ತಿಕೊಂಡವು.